ಕತನವೋ, ಕತ್ತಿಯೋ?

ನಮ್ಮ ಸಂಘದ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕರಾಟೆ ಪಾಠ. ಅದು ಮುಗಿದೊಡನೆ ಅದೇ ಜಾಗದಲ್ಲಿ ಕನ್ನಡ ಪಾಠ. ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ, ಗಿಡ್ಡ ಸರಪಳಿಯಿಂದ ಜೋಡಿಸಿದ ಎರಡು ಮರದ ಕೋಲುಗಳನ್ನು ಬೀಸುತ್ತ ಹೊರಬಂದು, ಕರೆದೊಯ್ಯಲು ಬಂದಿದ್ದ ತನ್ನ ಅಜ್ಜಿಗೆ, "ನೋಡಜ್ಜಿ, ನಂಚಾಕು" ಎಂದ. ಅಜ್ಜಿ ಗಾಬರಿಯಾಗಿ, "ನಿನ್ನ ಚಾಕೇ? ಮಕ್ಕಳ ಕೈಗೆ ಚಾಕು ಕೊಟ್ಟವರು ಯಾರೋ?" ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕೆವು. ಆದರೆ ಕನ್ನಡ ಪಾಠ ಹೇಳುವ ನಮ್ಮ ಮೇಷ್ಟ್ರು ನಗಲಿಲ್ಲ. "ಈ ಮಕ್ಕಳು ಗೋಡೆಗೆ ಹಾಕಲು ಜಪಾನಿನ ಆಯುಧಗಳ ಚಿತ್ರಪಟ ಬರೆಯುತ್ತಿದ್ದಾರೆ. ಅದಕ್ಕೆ ಕನ್ನಡದಲ್ಲಿ ಹೆಸರು ಬರೆದುಕೊಡಿ" ಎಂದು ಆ ಕೆಲಸವನ್ನು ನನಗೆ ಅಂಟಿಸಿದರು. ಸರ್ಕಾರಿ ಕಚೇರಿಯಲ್ಲಿ ಪಟ್ಟಿ ಮಾಡುವುದೇ ನನ್ನ ದಿನನಿತ್ಯದ ಕೆಲಸವಾದ್ದರಿಂದ ಇದೇನು ಮಹಾ ಎಂದುಕೊಂಡು ಒಪ್ಪಿದೆ.

ಇಂಗ್ಲಿಷ್ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಅಂದು ರಾತ್ರಿ ಕುಳಿತೆ. ಮೊದಲನೆಯ ಚಿತ್ರಕ್ಕೆ 'ಖಡ್ಗ' ಎಂದು ಬರೆದೆ. ಎರಡನೆಯದಕ್ಕೆ 'ಸಣ್ಣ ಖಡ್ಗ', ಮೂರನೆಯದಕ್ಕೆ 'ಕುದುರೆ ಸವಾರನ ಖಡ್ಗ', ನಾಲ್ಕನೆಯದಕ್ಕೆ 'ನೇರ ಖಡ್ಗ'. ಐದನೆಯದರ ಹೊತ್ತಿಗೆ ಲೇಖನಿ ನಿಂತಿತು. ಇದು ಹೆಸರಿಡುವ ಕೆಲಸವೋ, ಹೆಸರು ಅಳಿಸುವ ಕೆಲಸವೋ ಎಂಬ ಅನುಮಾನ ಬಂತು. ಅಂದಿನಿಂದ ಈ ವಿಷಯದಲ್ಲಿ ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ಇತಿಹಾಸದ ಪಂಡಿತನಲ್ಲ, ವಿಜ್ಞಾನದ ಪದವೀಧರ, ತಿಳಿದವರು ತಿದ್ದಬೇಕು.

ಪ್ರಶ್ನೆ ಸರಳವಾದದ್ದು. ಜಪಾನಿನ ಸಾಂಪ್ರದಾಯಿಕ ಆಯುಧಗಳನ್ನು ಅವುಗಳ ಮೂಲ ಹೆಸರಿನಿಂದ ಕರೆಯಬೇಕೇ, ಅಥವಾ ಜಗತ್ತಿನಲ್ಲಿ ಬಳಕೆಗೆ ಬಂದಿರುವ ಇಂಗ್ಲಿಷ್ ಹೆಸರುಗಳನ್ನು ಹಿಡಿದು ನಮ್ಮ ಭಾಷೆಗೆ ತಿರುಗಿಸಬೇಕೇ? ಪರಭಾಷೆಯ ಶಬ್ದಗಳು ಓದುಗನಿಗೆ ಹೊರೆ ಎನ್ನುವವರಿದ್ದಾರೆ. ಮೂಲ ಹೆಸರನ್ನು ಬಿಟ್ಟರೆ ವಸ್ತುವನ್ನೇ ಬಿಟ್ಟಂತೆ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಎಷ್ಟು ಸತ್ಯ ಎಂಬುದನ್ನು ಆ ದೇಶದ ಇತಿಹಾಸವನ್ನೇ ಕೇಳಿ ತಿಳಿಯಬೇಕು.

ಮೊದಲು 'ಸಣ್ಣ ಖಡ್ಗ'ವನ್ನೇ ತೆಗೆದುಕೊಳ್ಳೋಣ. ಅದರ ಮೂಲ ಹೆಸರು ವಕಿಜಶಿ. ಜಪಾನಿನ ಹಳೆಯ ಅಳತೆಯಾದ 'ಶಕು' ಎಂದರೆ ಸುಮಾರು 30.3 ಸೆಂಟಿಮೀಟರ್. ಅಲಗು ಒಂದು ಶಕುವಿಗಿಂತ ಕಡಿಮೆಯಿದ್ದರೆ ಅದು ತಂತೋ, ಅಂದರೆ ನಮ್ಮ ಬಾಕುವಿನಂಥದು. ಒಂದರಿಂದ ಎರಡು ಶಕುವಿನವರೆಗೆ ವಕಿಜಶಿ. ಎರಡು ಶಕುವನ್ನು ಮೀರಿದರೆ ಕತನ. ಇದು ಬರಿಯ ಅಳತೆಯ ಮಾತಾಗಿದ್ದರೆ 'ಸಣ್ಣ', 'ದೊಡ್ಡ' ಎಂದು ಬರೆದರೂ ನಷ್ಟವಿರಲಿಲ್ಲ. ಆದರೆ 1603ರಿಂದ 1868ರವರೆಗಿನ ಎದೊ ಕಾಲದಲ್ಲಿ ಕತನ ಮತ್ತು ವಕಿಜಶಿಗಳನ್ನು ಜೋಡಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಸಮುರಾಯಿಗಳ ಅಂತಸ್ತಿನ ಗುರುತಾಗಿತ್ತು. ಆ ಜೋಡಿಗೆ 'ದೈಶೋ' ಎಂದು ಹೆಸರು. 'ದೊಡ್ಡದು-ಚಿಕ್ಕದು' ಎಂದು ಅರ್ಥ. ಆದರೆ ಒಂಟಿ ವಕಿಜಶಿಯನ್ನು ವ್ಯಾಪಾರಿಗಳೂ ಪ್ರಯಾಣಿಕರೂ ಧರಿಸಬಹುದಾಗಿತ್ತು. ಎದೊ ಕಾಲದ ಕಥೆಯೊಂದರಲ್ಲಿ ಅಕ್ಕಿಯ ವ್ಯಾಪಾರಿಯೊಬ್ಬ ವಕಿಜಶಿ ಧರಿಸಿ ಹೊರಟ ಎಂದಿದ್ದು, ನಾವು ಅದನ್ನು 'ಖಡ್ಗ ಧರಿಸಿ ಹೊರಟ' ಎಂದು ಅನುವಾದಿಸಿದೆವೆನ್ನಿ. ಕನ್ನಡದ ಓದುಗ ಆ ಪಾಪದ ವ್ಯಾಪಾರಿಯನ್ನು ಯೋಧನೆಂದು ತಿಳಿಯುತ್ತಾನೆ. ಒಂದು ಶಬ್ದ ತಪ್ಪಿದ್ದಕ್ಕೆ ಒಬ್ಬ ಮನುಷ್ಯನ ಜಾತಿ, ಕಸುಬು, ಅಂತಸ್ತು ಮೂರೂ ತಲೆಕೆಳಗಾದವು.

ಇನ್ನು 'ಕುದುರೆ ಸವಾರನ ಖಡ್ಗ'. ಇದರ ಹೆಸರು ತಚಿ. ಕತನಕ್ಕಿಂತ ಹಳೆಯದು; ಸಾಮಾನ್ಯವಾಗಿ ಬಾಗು ಹೆಚ್ಚು. ನೋಟಕ್ಕೆ ಎರಡೂ ಒಂದೇ ಎನಿಸಿದರೂ ಧರಿಸುವ ಕ್ರಮ ಬೇರೆ. ತಚಿಯನ್ನು ಬಾಯಿ ಕೆಳಮುಖವಾಗಿರುವಂತೆ ಸೊಂಟದಿಂದ ತೂಗುಬಿಡುತ್ತಿದ್ದರು. ಕತನವನ್ನು ಬಾಯಿ ಮೇಲ್ಮುಖವಾಗಿರುವಂತೆ ನಡುಪಟ್ಟಿಯೊಳಗೆ ಸಿಕ್ಕಿಸುತ್ತಿದ್ದರು. ನೆಲದ ಮೇಲೆ ನಿಂತು ಹೋರಾಡುವವನಿಗೆ ಒರೆಯಿಂದ ಸೆಳೆಯುವ ಚಲನೆಯಲ್ಲಿಯೇ ಏಟು ಹಾಕಲು ಈ ಕ್ರಮ ಅನುಕೂಲ. ಕಮ್ಮಾರ ತನ್ನ ಹೆಸರನ್ನು, ಧರಿಸಿದಾಗ ಹೊರಮುಖವಾಗುವ ಪಕ್ಕಕ್ಕೆ, ಹಿಡಿಯೊಳಗೆ ಸೇರುವ ಭಾಗದ ಮೇಲೆ ಕೆತ್ತುವುದು ವಾಡಿಕೆ. ಹಾಗಾಗಿ ಹಿಡಿಯನ್ನು ಬಿಚ್ಚಿ ಅಂಕಿತ ಯಾವ ಪಕ್ಕದಲ್ಲಿದೆ ಎಂದು ನೋಡಿ, ಅಲಗು ತಚಿಯಾಗಿ ಹುಟ್ಟಿದ್ದೋ ಕತನವಾಗಿ ಹುಟ್ಟಿದ್ದೋ ಎಂದು ಬಲ್ಲವರು ಹೇಳುತ್ತಾರೆ. ಮುಂದಿನ ಶತಮಾನಗಳಲ್ಲಿ ಎಷ್ಟೋ ತಚಿಗಳನ್ನು ಬುಡದಲ್ಲಿ ಕತ್ತರಿಸಿ, ಗಿಡ್ಡ ಮಾಡಿ, ಕತನಗಳನ್ನಾಗಿಸಿದರು. ಉಕ್ಕು ಅದೇ, ಹೆಸರು ಬೇರೆ. ಯುದ್ಧ ಕುದುರೆಯ ಬೆನ್ನಿನಿಂದ ನೆಲಕ್ಕೆ ಇಳಿದ ಚರಿತ್ರೆಯೇ ಆ ಹೆಸರಿನ ಬದಲಾವಣೆಯಲ್ಲಿದೆ.

ಈ ಅಲಗಿನ ತಯಾರಿಕೆಯೂ ಸಾಮಾನ್ಯವಾದುದಲ್ಲ. ಬೆನ್ನಿಗೆ ದಪ್ಪನಾಗಿ, ಬಾಯಿಗೆ ತೆಳುವಾಗಿ ಮಣ್ಣಿನ ಲೇಪ ಕೊಟ್ಟು, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುತ್ತಾರೆ. ತೆಳು ಲೇಪದ ಬಾಯಿ ಥಟ್ಟನೆ ತಣಿದು ಬಹಳ ಗಡುಸಾಗುತ್ತದೆ. ದಪ್ಪ ಲೇಪದ ಬೆನ್ನು ನಿಧಾನವಾಗಿ ತಣಿದು, ಏಟು ತಿಂದರೂ ಮುರಿಯದ ಗುಣವನ್ನು ಉಳಿಸಿಕೊಳ್ಳುತ್ತದೆ. ಎರಡರ ನಡುವಣ ಗಡಿ ಅಲೆಯಂತೆ ಕಾಣುತ್ತದೆ. ಅದಕ್ಕೆ 'ಹಮೊನ್' ಎನ್ನುತ್ತಾರೆ. ಅಲಗಿನ ಬಾಗು ಕೂಡ ಬಹುಮಟ್ಟಿಗೆ ಈ ತಣಿಯುವಿಕೆಯಲ್ಲಿಯೇ ಮೂಡುತ್ತದೆ. ಕಾಲೇಜಿನಲ್ಲಿ ಉಕ್ಕನ್ನು ಕಾಯಿಸಿ ತಣಿಸುವ ಪಾಠ ಕೇಳಿದ್ದ ನನಗೆ, ಪುಸ್ತಕದ ಸೂತ್ರ ಬರುವ ಎಷ್ಟೋ ಶತಮಾನ ಮೊದಲೇ ಅದನ್ನು ಕೈಯಿಂದ ಬಲ್ಲವರಿದ್ದರು ಎಂಬುದು ಆಶ್ಚರ್ಯವನ್ನುಂಟುಮಾಡಿತು.

ಹೆಸರಿನ ವಿಷಯದಲ್ಲಿ ಹಳೆಯ ಆಡಳಿತಗಾರರು ಎಷ್ಟು ಎಚ್ಚರದಿಂದಿದ್ದರು ಎಂಬುದಕ್ಕೆ 1588ರ ರಾಜಾಜ್ಞೆ ಸಾಕ್ಷಿ. ತೊಯೊತೊಮಿ ಹಿದೆಯೊಶಿ ರೈತರನ್ನು ನಿರಾಯುಧರನ್ನಾಗಿಸಲು ಹೊರಡಿಸಿದ ಆ ಆಜ್ಞೆಯನ್ನು 'ಕತನಗರಿ', ಎಂದರೆ ಕತ್ತಿಗಳ ಬೇಟೆ, ಎನ್ನುತ್ತಾರೆ. ಅದರ ಮೊದಲನೆಯ ಕಲಮಿನಲ್ಲಿ ಕತನ, ವಕಿಜಶಿ, ಯುಮಿ, ಯರಿ, ತೆಪ್ಪೋ ಎಂದು ಒಂದೊಂದನ್ನೂ ಹೆಸರಿಸಿ, ಆಮೇಲೆ 'ಇತರ ಆಯುಧಗಳು' ಎಂದು ಸೇರಿಸಲಾಗಿದೆ. ಯುಮಿ ಬಿಲ್ಲು, ಯರಿ ಈಟಿ, ತೆಪ್ಪೋ ಕೋವಿ. ಹೀಗೆ ಕೂಡಿಸಿದ ಲೋಹವನ್ನು ಕ್ಯೋತೊ ನಗರದ ಮಹಾಬುದ್ಧನ ಮಂದಿರದ ಮೊಳೆ, ಪಟ್ಟಿಗಳಿಗೆ ಬಳಸಲಾಗುವುದೆಂದೂ, ಅದರಿಂದ ಕೊಟ್ಟವರಿಗೆ ಪುಣ್ಯವೆಂದೂ ಆಜ್ಞೆಯಲ್ಲಿ ಹೇಳಲಾಯಿತು. ಕಿತ್ತುಕೊಳ್ಳುವುದನ್ನು ದಾನವೆಂದು ಕರೆಯುವ ಜಾಣತನ ಸರ್ಕಾರಗಳಿಗೆ ಹೊಸದಲ್ಲ. ಆದರೆ ಏನನ್ನು ಕಿತ್ತುಕೊಳ್ಳುತ್ತೇವೆ ಎಂಬುದನ್ನು ಆ ಆಜ್ಞೆ ಸ್ಪಷ್ಟವಾಗಿ ಬರೆದಿತ್ತು.

ಇದಕ್ಕೆ ಹೋಲಿಸಿ 1945ನ್ನು ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಶರಣಾಯಿತು. ನಾಗರಿಕರ ಬಳಿಯಿರುವ ಎಲ್ಲ ಆಯುಧಗಳನ್ನೂ ಒಟ್ಟುಗೂಡಿಸಿ ಒಪ್ಪಿಸಬೇಕೆಂದು ವಿಜಯಿ ಸೈನ್ಯದ ಆಜ್ಞೆಯಾಯಿತು. 'ಆಯುಧ' ಎಂಬ ಆ ಒಂದು ಶಬ್ದದ ಚೀಲದೊಳಗೆ ಎಲ್ಲವೂ ಬಿದ್ದವು. ಯುದ್ಧಕಾಲದಲ್ಲಿ ಅಧಿಕಾರಿಗಳಿಗಾಗಿ ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಾದ 'ಗುನ್ತೋ', ಎಂದರೆ ಸೈನ್ಯದ ಕತ್ತಿ, ಮತ್ತು ಆರುನೂರು ವರ್ಷ ತಂದೆಯಿಂದ ಮಗನಿಗೆ ಬಂದ ತಚಿ, ಎರಡೂ ಒಂದೇ ರಾಶಿಗೆ ಸೇರಿದವು. ಎಷ್ಟೋ ಅಲಗುಗಳನ್ನು ಸಮುದ್ರಕ್ಕೆ ಎಸೆದರು, ಕರಗಿಸಿದರು. ಎಷ್ಟೋ ಅಲಗುಗಳು ಸೈನಿಕರ ಪೆಟ್ಟಿಗೆಗಳಲ್ಲಿ ನೆನಪಿನ ಕಾಣಿಕೆಗಳಾಗಿ ಸಮುದ್ರ ದಾಟಿದವು.

ಆಗ ಕತ್ತಿಗಳ ತಜ್ಞರಾಗಿದ್ದ ಹೊಮ್ಮ ಜುಂಜಿ ಮುಂತಾದವರು ಅಮೆರಿಕದ ಕರ್ನಲ್ ಕ್ಯಾಡ್ವೆಲ್ ಅವರನ್ನು ಕಂಡು, ಹಳೆಯ ಅಲಗುಗಳನ್ನು ಮುಂದಿಟ್ಟು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಕರ್ನಲ್ ಅವರಿಗೆ ಮನವರಿಕೆಯಾಯಿತು. ಕಲಾಮೌಲ್ಯವಿರುವ ಕತ್ತಿಗಳನ್ನು ಪರೀಕ್ಷಿಸಿ, ಉಳಿಸಿಕೊಳ್ಳಲು ಅವಕಾಶ ದೊರೆಯಿತು. ಇಲ್ಲಿ ನಡೆದದ್ದನ್ನು ಗಮನಿಸಬೇಕು. 'ಬಿಜುತ್ಸು ತೋಕೆನ್', ಎಂದರೆ ಕಲಾಖಡ್ಗ, ಎಂಬ ಬೇರೊಂದು ಹೆಸರಿನ ವರ್ಗಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕಿತು. ಆ ಹೆಸರಿನಡಿ ಬಂದದ್ದು ಬದುಕಿತು. 1948ರಲ್ಲಿ ಈ ಖಡ್ಗಗಳ ರಕ್ಷಣೆಗಾಗಿ ಸ್ಥಾಪನೆಯಾದ ಸಂಸ್ಥೆಯ ಹೆಸರಿನಲ್ಲಿಯೂ ಅದೇ ಶಬ್ದವಿದೆ. ಟೋಕಿಯೊ ನಗರದ ಅಕಬನೆ ಎಂಬಲ್ಲಿದ್ದ ಅಮೆರಿಕನ್ ಸೈನ್ಯದ ಉಗ್ರಾಣದ ರಾಶಿಯಿಂದ ಐದು ಸಾವಿರಕ್ಕೂ ಹೆಚ್ಚು ಅಲಗುಗಳನ್ನು ಆರಿಸಿ ಉಳಿಸಲಾಯಿತು. ಅವುಗಳಿಗೆ ಇಂದಿಗೂ 'ಅಕಬನೆ ಕತ್ತಿಗಳು' ಎಂದೇ ಹೆಸರು.

ಉಳಿಯದೆ ಹೋದವುಗಳಲ್ಲಿ ಒಂದರ ಕಥೆ ಈ ಚರ್ಚೆಗೆ ಬಹಳ ಹತ್ತಿರವಾದದ್ದು. ಹದಿಮೂರು-ಹದಿನಾಲ್ಕನೆಯ ಶತಮಾನಗಳ ಸಂಧಿಯಲ್ಲಿದ್ದ ಮಸಮುನೆ ಜಪಾನಿನ ಕಮ್ಮಾರರಲ್ಲಿ ಅಗ್ರಗಣ್ಯ. ಆತನದೆಂದು ಪ್ರಸಿದ್ಧವಾದ 'ಹೊಂಜೋ ಮಸಮುನೆ' ಎಂಬ ಅಲಗು ತಲೆಮಾರುಗಳಿಂದ ತೊಕುಗವ ಮನೆತನದಲ್ಲಿತ್ತು. 1939ರಲ್ಲಿ ರಾಷ್ಟ್ರೀಯ ನಿಧಿಗಳ ಪಟ್ಟಿಗೂ ಸೇರಿತ್ತು. 1945ರ ಡಿಸೆಂಬರಿನಲ್ಲಿ ಮನೆತನದ ಯಜಮಾನರು, ಕಾನೂನಿಗೆ ತಲೆಬಾಗಿ, ಇತರ ಅಲಗುಗಳೊಡನೆ ಅದನ್ನೂ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದರು. 1946ರ ಜನವರಿಯಲ್ಲಿ ಠಾಣೆಯವರು ಅವುಗಳನ್ನು ಒಬ್ಬ ಅಮೆರಿಕನ್ ಸಾರ್ಜೆಂಟನಿಗೆ ಹಸ್ತಾಂತರಿಸಿದರು. ದಾಖಲೆಯಲ್ಲಿ ಆತನ ಹೆಸರು 'ಕೋಲ್ಡಿ ಬೈಮೋರ್' ಎಂಬಂತೆ ಇದೆ. ಅಂಥ ಹೆಸರಿನ ಸೈನಿಕ ಯಾರೂ ಅಮೆರಿಕದ ದಾಖಲೆಗಳಲ್ಲಿ ಪತ್ತೆಯಾಗಲಿಲ್ಲ. ಇಂಗ್ಲಿಷ್ ಹೆಸರನ್ನು ಕಿವಿಗೆ ಕೇಳಿದಂತೆ ಜಪಾನಿನ ಅಕ್ಷರಗಳಲ್ಲಿ ಬರೆದು, ಮತ್ತೆ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಕೆಟ್ಟುಹೋಗಿರಬೇಕೆಂದು ಹಲವರ ಅಭಿಪ್ರಾಯ. ಹೊಂಜೋ ಮಸಮುನೆ ಅಂದಿನಿಂದ ಇಂದಿನವರೆಗೆ ಕಣ್ಣಿಗೆ ಬಿದ್ದಿಲ್ಲ. ಹೆಸರಿನ ಒಂದೆರಡು ಅಕ್ಷರ ತಪ್ಪಿ ಬರೆದರೆ ಏನಾಗುತ್ತದೆ ಎಂದು ಉಡಾಫೆಯಿಂದ ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಕಡತಗಳ ನಡುವೆ ಬಾಳುವ ನನ್ನಂಥವನಿಗಂತೂ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಮೂಲ ಹೆಸರನ್ನೇ ಹಿಡಿದುಬಿಟ್ಟರೆ ಸಾಕೇ? ಅದೂ ಅಷ್ಟು ಸುಲಭವಲ್ಲ. ಹದಿನಾರನೆಯ ಶತಮಾನದಲ್ಲಿ ಜಪಾನಿಗೆ ಹೋದ ಪೋರ್ಚುಗೀಸರು 'ಕತನ' ಎಂಬ ಶಬ್ದವನ್ನು ಮೂಲದಲ್ಲಿದ್ದಂತೆಯೇ ತಮ್ಮ ಭಾಷೆಗೆ ತೆಗೆದುಕೊಂಡರು. ಅದು ಅವರೊಡನೆ ಹಡಗು ಹತ್ತಿ ಆಫ್ರಿಕಕ್ಕೆ ಹೋಯಿತು. ಇಂದು ಅಂಗೋಲ, ಮೊಜಾಂಬಿಕ್‌ಗಳಲ್ಲಿ 'ಕತಾನ' ಎಂದರೆ ಪೊದೆ ಸವರುವ ಮಚ್ಚು. 1975ರಲ್ಲಿ ಸ್ವತಂತ್ರವಾದ ಅಂಗೋಲದ ಧ್ವಜದಲ್ಲಿ ಅರ್ಧ ಹಲ್ಲುಚಕ್ರದೊಡನೆ ಇರುವುದು ಈ ಮಚ್ಚೇ. ಅದು ರೈತರ ಸಂಕೇತ. ಹೆಸರು ಉಳಿಯಿತು, ವಸ್ತು ಬದಲಾಯಿತು. ಸಮುರಾಯಿಯ ಸೊಂಟದಲ್ಲಿದ್ದ ಶಬ್ದ ರೈತನ ಕೈಗೆ ಬಂದದ್ದು ಅವಮಾನವೇನೂ ಅಲ್ಲ. ಆದರೆ ಮೂಲ ಶಬ್ದವೊಂದೇ ವಸ್ತುವನ್ನು ಕಾಯಲಾರದು ಎಂಬುದಂತೂ ಇದರಿಂದ ಸಿದ್ಧವಾಯಿತು.

ಜಪಾನೀಯರು ತಾವು ಈ ವಿಷಯದಲ್ಲಿ ಹೇಗೆ ನಡೆದುಕೊಂಡರು ಎಂಬುದೂ ಸ್ವಾರಸ್ಯಕರ. 1543ರಲ್ಲಿ ತನೆಗಶಿಮ ಎಂಬ ದ್ವೀಪಕ್ಕೆ ಬಂದ ಪೋರ್ಚುಗೀಸರಿಂದ ಅವರು ಮೊದಲ ಬಾರಿಗೆ ಐರೋಪ್ಯ ಮಾದರಿಯ ಕೋವಿಯನ್ನು ಕೊಂಡರು. ಪೋರ್ಚುಗೀಸರ ಶಬ್ದವನ್ನು ಮಾತ್ರ ಕೊಳ್ಳಲಿಲ್ಲ. ಕಬ್ಬಿಣ ಎಂಬ ಅರ್ಥದ ಅಕ್ಷರವನ್ನು ಮೊದಲಿಗಿಟ್ಟು 'ತೆಪ್ಪೋ' ಎಂದರು. ದ್ವೀಪದ ಹೆಸರಿನಿಂದ 'ತನೆಗಶಿಮ' ಎಂದೂ ಕರೆದರು. ನಮ್ಮಲ್ಲಿಯೂ ಹೀಗೆಯೇ. ಬಂದೂಕು, ತುಪಾಕಿಗಳನ್ನು ಹೊರಗಿನಿಂದ ಪಡೆದೆವು. ಜೊತೆಗೆ ಕೊಳವೆ ಎಂಬ ಅರ್ಥವೂ ಇರುವ ನಮ್ಮದೇ 'ಕೋವಿ'ಯನ್ನೂ ಬಿಡಲಿಲ್ಲ. ಇನ್ನು ನಿತೊಬೆ ಇನಜೋ 1900ರಲ್ಲಿ 'ಬುಷಿದೊ' ಗ್ರಂಥವನ್ನು ಇಂಗ್ಲಿಷಿನಲ್ಲಿಯೇ ಬರೆದು, ಖಡ್ಗಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅದರ ಶೀರ್ಷಿಕೆಯಲ್ಲಿ ಅವರು ಇಟ್ಟದ್ದು ಇಂಗ್ಲಿಷಿನ ಸಾಮಾನ್ಯ ಶಬ್ದವನ್ನೇ. ಪರದೇಶದ ಓದುಗನನ್ನು ಬಾಗಿಲಲ್ಲಿಯೇ ನಿಲ್ಲಿಸಬಾರದು ಎಂಬ ವಿವೇಕ ಅದು.

ಆದ್ದರಿಂದ ಅನುವಾದ ಮಾಡುವುದು ತಪ್ಪಲ್ಲ. ತಪ್ಪಿರುವುದು ಅನುವಾದದ ಅನುವಾದದಲ್ಲಿ. ನಗಿನತ ಎಂಬ ಆಯುಧವನ್ನು ನೋಡಿ: ಉದ್ದವಾದ ದಂಡದ ತುದಿಗೆ ಬಾಗಿದ ಅಲಗು. ಸಮುರಾಯಿ ಮನೆತನಗಳ ಹೆಣ್ಣುಮಕ್ಕಳು ಇದನ್ನು ಕಲಿಯುತ್ತಿದ್ದರು. 1868ರ ಐಜು ಯುದ್ಧದಲ್ಲಿ ನಕನೊ ತಕೆಕೊ ಎಂಬ ತರುಣಿ ಇದನ್ನೇ ಹಿಡಿದು ಹೋರಾಡಿ ಗುಂಡೇಟಿಗೆ ಬಲಿಯಾದಳು. ಇಂಗ್ಲಿಷಿನವರು ಇದಕ್ಕೆ ಎಷ್ಟೋ ವೇಳೆ 'ಹ್ಯಾಲ್ಬರ್ಡ್' ಎಂಬ ತಮ್ಮ ಕಡೆಯ ಹೆಸರನ್ನು ಹಚ್ಚಿದರು. ಅದು ಕೊಡಲಿ, ಮೊನೆ, ಕೊಕ್ಕೆ ಮೂರೂ ಇರುವ ಐರೋಪ್ಯ ಆಯುಧ. ನಾವು ಇಂಗ್ಲಿಷ್ ನಿಘಂಟನ್ನು ತೆರೆದು ಅದನ್ನು 'ಗಂಡುಗೊಡಲಿ' ಎಂದರೆ ನಕನೊ ತಕೆಕೊಳ ಕೈಗೆ ಪರಶುರಾಮನ ಕೊಡಲಿಯನ್ನು ಕೊಟ್ಟಂತೆ! ಮೂಲದಲ್ಲಿ ಇಲ್ಲದ ಕೊಡಲಿ ಇಂಗ್ಲಿಷಿನ ದಾರಿಯಲ್ಲಿ ಸೇರಿಕೊಂಡಿತು.

ಉಚ್ಚಾರಣೆಯಲ್ಲಿಯೂ ಇದೇ ಕಥೆ. ನಮ್ಮ ಪತ್ರಿಕೆಗಳಲ್ಲಿ 'ಕಟಾನಾ' ಎಂದು ಬರೆಯುತ್ತಾರೆ. ಜಪಾನೀ ನುಡಿಯ ಈ ವ್ಯಂಜನ ನಮ್ಮ 'ತ'ಕಾರಕ್ಕೆ ಹತ್ತಿರ, 'ಟ'ಕಾರಕ್ಕಲ್ಲ; ಸ್ವರಗಳೆಲ್ಲ ಹ್ರಸ್ವ. 'ಕತನ' ಎಂದು ಬರೆದರೆ ಸರಿಯಾಯಿತು. ಎ-ಏ, ಒ-ಓ ಎಂದು ಹ್ರಸ್ವ ದೀರ್ಘಗಳನ್ನು ಬೇರೆ ಬೇರೆ ಬರೆಯಬಲ್ಲ ನಮ್ಮ ಲಿಪಿ ಈ ಕೆಲಸಕ್ಕೆ ಇಂಗ್ಲಿಷಿಗಿಂತ ಯೋಗ್ಯವಾದದ್ದು. ಇಷ್ಟಿದ್ದೂ ನಾವು ಇಂಗ್ಲಿಷಿನ ಕನ್ನಡಕ ಹಾಕಿಕೊಂಡು ನೋಡುತ್ತೇವೆ. 'ಕರಾಟೆ', 'ಟೋಕಿಯೊ'ಗಳಂಥವು ಬೇರೂರಿಬಿಟ್ಟಿವೆ. ಅವನ್ನು ಕೀಳುವುದು ಬೇಡ. ಹೊಸದಾಗಿ ನೆಡುವುದನ್ನಾದರೂ ನೆಟ್ಟಗೆ ನೆಡಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕತನ, ಕತ್ತಿ ಎಂಬ ಶಬ್ದಗಳ ಹೋಲಿಕೆಯನ್ನು ಕಂಡು ಉತ್ಸಾಹಗೊಳ್ಳುವವರಿದ್ದಾರೆ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ಸಂಬಂಧವಿದೆಯೆಂದು ದೀರ್ಘಕಾಲ ವಾದಿಸಿದ್ದು ನಿಜ; ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ ಎಂಬುದೂ ನಿಜ. ಕತನವನ್ನು ಸಾಮಾನ್ಯವಾಗಿ 'ಕತ' ಎಂದರೆ ಒಂದು ಪಕ್ಕ, 'ನ' ಎಂದರೆ ಅಲಗು ಎಂದು ಬಿಡಿಸುತ್ತಾರೆ. ಒಂದೇ ಬಾಯಿಯ ಕತ್ತಿಗೆ ಅದು ತಕ್ಕ ಹೆಸರು. ಕಿವಿಗೆ ಹಿತವಾದದ್ದೆಲ್ಲ ಚರಿತ್ರೆಯಾಗುವುದಿಲ್ಲ.

ಪರರ ಹೆಸರಿನ ವಿಷಯದಲ್ಲಿ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೆಲವರಿಗೆ ಅನಿಸಬಹುದು. ನಮ್ಮ ಮನೆಯ ಉದಾಹರಣೆಯನ್ನೇ ನೋಡೋಣ. ಕೊಡವರು ಸೊಂಟದ ಚೇಲೆಗೆ ಸಿಕ್ಕಿಸುವುದು ಪೀಚೆಕತ್ತಿ. ಬೆನ್ನ ಹಿಂದೆ ತೊಡಂಗಿಗೆ ಸಿಕ್ಕಿಸುವ ಅಗಲವಾದ, ಭಾರವಾದ ಕತ್ತಿ ಒಡಿಕತ್ತಿ. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಒಡಿಕತ್ತಿಯಿಂದ. ಪರದೇಶದ ಪಟ್ಟಿಗಳಲ್ಲಿ ಒಡಿಕತ್ತಿಗೆ 'ಕೂರ್ಗ್ ನೈಫ್' ಎಂಬ ಚೀಟಿ ಅಂಟಿಕೊಂಡಿರುವುದುಂಟು. ತರಕಾರಿ ಹೆಚ್ಚುವ ಚಾಕುವಿಗೂ ಅದಕ್ಕೂ ಒಂದೇ ಶಬ್ದ! ಇನ್ನೊಂದು ಉದಾಹರಣೆ: ಅಡ್ಡ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ತಿವಿಯುವ ಭಾರತೀಯ ಆಯುಧ ಇಂದು ಜಗತ್ತಿನಾದ್ಯಂತ 'ಕಟಾರ್' ಎಂದು ಪ್ರಸಿದ್ಧ. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯ ಪ್ರಕಾರ ಅದರ ಸರಿಯಾದ ಹೆಸರು ಜಮ್‌ಧರ್ ಎಂದೂ, 1880ರಲ್ಲಿ ಎಗರ್ಟನ್ ಭಾರತೀಯ ಆಯುಧಗಳ ಪಟ್ಟಿಯನ್ನು ಮಾಡುವಾಗ ಹೆಸರುಗಳು ಅದಲುಬದಲಾದುವೆಂದೂ ನಮ್ಮ ಆಯುಧತಜ್ಞ ಜಿ. ಎನ್. ಪಂತ್ ಅಭಿಪ್ರಾಯಪಟ್ಟಿದ್ದಾರೆ. ಲಂಡನ್ನಿನ ಒಂದು ಪಟ್ಟಿಯ ಹೆಸರೇ ಇಂದು ನಮಗೂ ಹೆಸರು. ನಮ್ಮ ವಸ್ತುವಿಗೆ ಹೀಗಾದಾಗ ನೋವಾಗುವುದಾದರೆ, ಇನ್ನೊಬ್ಬರ ವಸ್ತುವಿನ ವಿಷಯದಲ್ಲಿ ನಾವು ಅದನ್ನೇ ಮಾಡಬಾರದು.

ಇವನ್ನೆಲ್ಲ ತೂಗಿನೋಡಿ ನಾನು ನನ್ನ ಮಟ್ಟಿಗೆ ಮೂರು ನಿಯಮಗಳನ್ನು ಮಾಡಿಕೊಂಡೆ. ನಮ್ಮಲ್ಲಿಯೂ ಅಂಥದೇ ವಸ್ತುವಿದ್ದು, ಅದೇ ಕೆಲಸ ಮಾಡುತ್ತಿದ್ದರೆ ನಿಸ್ಸಂಕೋಚವಾಗಿ ಕನ್ನಡದ ಹೆಸರು. ಯರಿಯನ್ನು ಈಟಿ ಎನ್ನಲು ಅಡ್ಡಿಯಿಲ್ಲ. ಯುಮಿಯನ್ನು ಬಿಲ್ಲು ಎನ್ನಬಹುದು. ಆದರೆ ಅದು ಎರಡು ಮೀಟರಿಗಿಂತ ಉದ್ದ, ಹಿಡಿ ನಡುವಿನಲ್ಲಿಲ್ಲದೆ ಕೆಳಗಿದೆ ಎಂದು ಒಂದು ಮಾತು ಸೇರಿಸಬೇಕು. ಎರಡನೆಯದಾಗಿ, ಒಂದು ಹೆಸರಿನ ಹಿಂದೆ ಅಂತಸ್ತು, ಕಾನೂನು ಅಥವಾ ಕಾಲದ ಭೇದ ಅಡಗಿದ್ದರೆ ಮೂಲ ಹೆಸರನ್ನೇ ಇಟ್ಟು, ಮೊದಲ ಸಲ ಬಂದಾಗ ಕನ್ನಡದಲ್ಲಿ ವಿವರಿಸಬೇಕು. ಕತನ, ವಕಿಜಶಿ, ತಚಿ, ನಗಿನತ ಈ ಬಗೆಯವು. ಮೂರನೆಯದಾಗಿ, ಎರಡರಲ್ಲಿ ಯಾವುದನ್ನು ಆರಿಸಿದರೂ ಇಂಗ್ಲಿಷಿನ ಹೆಸರನ್ನು ನಡುವೆ ದಲ್ಲಾಳಿಯನ್ನಾಗಿ ಇಟ್ಟುಕೊಳ್ಳಬಾರದು.

ಈ ನಿಯಮಗಳಂತೆ ಮಕ್ಕಳ ಚಿತ್ರಪಟವನ್ನು ಮತ್ತೆ ಬರೆದೆ. ಶೀರ್ಷಿಕೆಯನ್ನೂ ತಿದ್ದಬೇಕಾಯಿತು, ಏಕೆಂದರೆ ಅಜ್ಜಿಯನ್ನು ಹೆದರಿಸಿದ ಆಯುಧ ಒಕಿನವ ದ್ವೀಪದ ಪರಂಪರೆಯದು. ಅದು 1879ರಲ್ಲಿ ಜಪಾನಿಗೆ ಸೇರುವವರೆಗೆ ರ್‍ಯುಕ್ಯು ಎಂಬ ಬೇರೆ ರಾಜ್ಯವಾಗಿತ್ತು. ಹಾಗಾಗಿ 'ಜಪಾನ್ ಮತ್ತು ಒಕಿನವದ ಆಯುಧಗಳು' ಎಂದಾಯಿತು. ಕೊನೆಯ ಸಾಲಿನಲ್ಲಿ ಹೀಗೆ ಬರೆದೆ: 'ನುಂಚಕು — ಸರಪಳಿ ಅಥವಾ ಹಗ್ಗದಿಂದ ಜೋಡಿಸಿದ ಜೋಡುಕೋಲು.'

ಮರುವಾರ ಆ ಅಜ್ಜಿ ಚಿತ್ರಪಟದ ಮುಂದೆ ನಿಂತು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಮೊಮ್ಮಗನ ಕಡೆ ತಿರುಗಿ, "ಜೋಡುಕೋಲು ಅಂತ ಅವತ್ತೇ ಹೇಳಬಾರದಿತ್ತೇನೋ?" ಎಂದರು. "ಅದರ ಹೆಸರು ನುಂಚಕು, ಅಜ್ಜಿ" ಎಂದ ಹುಡುಗ. "ಹೆಸರು ಅದೇ ಇರಲಪ್ಪ. ಏನು ಅಂತ ಗೊತ್ತಾಗಬೇಕಲ್ಲ" ಎಂದರು ಅಜ್ಜಿ. ನಾನು ಇಷ್ಟುದ್ದ ಬರೆದು ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು.